ಬಿಸಿಲೆ ಕಾಡಂಚಲ್ಲಿ ಎರಡು ದಿನ, ಒಂದೂ ಪಂಕ್ಚರ್ ಇಲ್ಲದೆ

"ಟ್ಯೂಬ್‌ಲೆಸ್ ಎಲ್ಲ ನಮ್ಮ ಮಲೆನಾಡಿಗೆ ಆಗಲ್ಲ ಮಾರಾಯ." ಸೈಕಲ್‌ಗೆ ಟ್ಯೂಬ್ ಇಲ್ಲದ ಟೈರ್ ಹಾಕುತ್ತೇನೆ ಎಂದಾಗೆಲ್ಲ ಈ ಮಾತನ್ನು ಮೂರು ವರ್ಷ ಕೇಳಿದ್ದೇನೆ. ಕಳೆದ ನವೆಂಬರ್‌ನಲ್ಲಿ ನಾವು 5 ಜನ ಸಕಲೇಶಪುರಕ್ಕೆ ಹೋಗಿ, ಬಿಸಿಲೆ ಕಡೆಯ ತೋಟ, ಕಾಡಂಚಿನ ದಾರಿಗಳಲ್ಲಿ ಎರಡು ದಿನ ಸೈಕಲ್ ತುಳಿದೆವು. ಸುಮಾರು 70 ಕಿಲೋಮೀಟರ್ ಆಗಿರಬೇಕು. ಟ್ಯೂಬ್ ಇರುವ ಟೈರಿನ ಉಳಿದ ನಾಲ್ವರಿಗೆ ಸೇರಿ 11 ಪಂಕ್ಚರ್. ನನಗೆ ಒಂದೂ ಇಲ್ಲ.

ಇದು ಸುಮ್ನೆ ಕೈಗೆ ಬಂದಿದ್ದಲ್ಲ. ಮೊದಲ ಸಲ ಸ್ಪೋಕ್ ತೂತು ಮುಚ್ಚಲು ರಿಮ್‌ಗೆ ಕರೆಂಟ್ ಕೆಲಸದ ಟೇಪ್ ಸುತ್ತಿದೆ. ಮೂರೇ ದಿನಕ್ಕೆ ಅಂಟು ಬಿಟ್ಟು ಸೀಲೆಂಟ್ (ತೂತು ತಾನೇ ಮುಚ್ಚಲೆಂದು ಟೈರಿನೊಳಗೆ ಹಾಕುವ ದ್ರವ) ಎಲ್ಲ ಸ್ಪೋಕ್ ತೂತುಗಳಿಂದ ಸೋರಿತು. ಎರಡನೇ ಸಲ ಸರಿಯಾದ ಟೇಪ್ ತಂದೆ, ಟೈರ್ ಮಾತ್ರ ಹಳೆಯದೇ. ಪಂಪ್ ಒತ್ತಿ ಒತ್ತಿ ತೋಳು ಸೋತರೂ ಟೈರಿನ ಅಂಚು ರಿಮ್‌ಗೆ ಕಚ್ಚಿ ಕೂರಲಿಲ್ಲ. ಕೊನೆಗೆ ಲಾರಿ ಪಂಕ್ಚರ್ ಅಂಗಡಿಯಲ್ಲಿ ವಾಲ್ವ್ ಪಿನ್ ತೆಗೆದು ಕಂಪ್ರೆಸರ್ ಗಾಳಿ ಹೊಡೆಸಿದೆ. ಟಪ್, ಟಪ್ ಎಂದು ಕೂತಿತು. ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಚಪ್ಪಟೆ. ಟೈರಿನ ಬದಿಯೇ ಸವೆದುಹೋಗಿತ್ತು. ಅಷ್ಟರಲ್ಲಿ ನಾಲ್ಕೂವರೆ ಸಾವಿರ ಹೋಗಿತ್ತು. ಹೊಸ 2.35 ಇಂಚಿನ ಟೈರ್ ಜೋಡಿಗೆ ಮತ್ತೆ ಆರು ಸಾವಿರ ಚಿಲ್ಲರೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಗೆಳೆಯನೊಬ್ಬನದು ಸುಳ್ಯದ ಕಡೆ ರಬ್ಬರ್ ತೋಟ. ಅಂಗಡಿಯ ಸೀಲೆಂಟ್ ಕೂಡ ಹೆಚ್ಚಾಗಿ ರಬ್ಬರ್ ಹಾಲೇ ಅಲ್ವಾ ಎಂದು ಎರಡು ಲೀಟರ್ ತಂದೆ. ಹೆಪ್ಪುಗಟ್ಟದಂತೆ ತಡೆಯುವ ಅಮೋನಿಯಾ ಹಾಕದ್ದು ಮನೆ ಮುಟ್ಟುವ ಮೊದಲೇ ಹೆಪ್ಪುಗಟ್ಟಿತು. ಹಾಕಿದ್ದು ತೂತನ್ನೇನೋ ಚೆನ್ನಾಗಿ ಮುಚ್ಚಿತು, ಆದರೆ ಒಂದೂವರೆ ತಿಂಗಳಲ್ಲಿ ಅಲ್ಯೂಮಿನಿಯಂ ರಿಮ್ ಒಳಗೆಲ್ಲ ಬೂಷ್ಟಿನ ಹಾಗೆ ಬಿಳಿ ಹಿಡಿಯಿತು. ಈಗ ಅಂಗಡಿಯದೇ ಹಾಕುತ್ತೇನೆ, ಟೈರಿಗೆ 120 ಮಿ.ಲೀ. ಅದಕ್ಕೆ ಬೆರೆಸುವ ಪುಡಿ ಯಾವುದೆಂದು ಹೇಳುವುದಿಲ್ಲ. ಎರಡು ವರ್ಷ ಹುಡುಕಿ ಕಂಡುಕೊಂಡದ್ದು ಅದು.

ನನ್ನ ತೂಕ 72 ಕಿಲೋ. ಗಾಳಿ ಮುಂದೆ 21, ಹಿಂದೆ 24 ಪಿಎಸ್‌ಐ. ಗೆಳೆಯರು 40 ಹೊಡೆದಿದ್ದರು. ಒದ್ದೆ ಬೇರುಗಳ ಮೇಲೆ ಅವರ ಸೈಕಲ್ ಪುಟಿಯುತ್ತಿತ್ತು, ಜಾರುತ್ತಿತ್ತು. ಗಾಳಿ ಇಳಿಸಿದರೆ ಕಲ್ಲಿಗೆ ಬಡಿದು ಟ್ಯೂಬ್‌ನಲ್ಲಿ ಜೋಡಿ ತೂತು.

ಮೀಸಲು ಅರಣ್ಯದೊಳಗೆ ನಾವು ಇಳಿಯಲಿಲ್ಲ. ತೋಟದ ದಾರಿಗಳಿಗೆ ಮಾಲೀಕರ ಒಪ್ಪಿಗೆ ಕೇಳಿದ್ದೆವು. ರಾತ್ರಿ ಆನೆ ಎಲ್ಲಿತ್ತೆಂದು ತೋಟದ ರೈಟರ್ (ಗುಮಾಸ್ತ) ಹತ್ತಿರ ವಿಚಾರಿಸಿ, ಬೆಳಿಗ್ಗೆ 8 ಗಂಟೆಯ ಮೇಲೆಯೇ ಹೊರಡುತ್ತಿದ್ದೆವು. ಸಂಜೆ 4 ಗಂಟೆಗೆ ವಾಪಸ್. ಇದರಲ್ಲಿ ರಾಜಿ ಬೇಡ. ಇಂಬಳಕ್ಕೆ (ಜಿಗಣೆಗೆ) ಕಾಲುಚೀಲದ ಮೇಲೆ ಬಾರ್ ಸೋಪು ತಿಕ್ಕಿಕೊಂಡರೆ ಸಾಕು. ಬ್ರೇಕಿಗೆ ಮೆಟಲ್ ಪ್ಯಾಡ್ ಹಾಕಿಸಿ. ಆ ಕೆಂಪು ಕೆಸರಿನಲ್ಲಿ ಒಬ್ಬನ ರೆಸಿನ್ ಪ್ಯಾಡ್ ಎರಡನೇ ದಿನ ಮಧ್ಯಾಹ್ನಕ್ಕೇ ಮುಗಿದಿತ್ತು.

ಅದೇ ದಿನ ಬಿದಿರು ಮೆಳೆಯ ಪಕ್ಕ ಇಳಿಯುವಾಗ ನನ್ನ ಹಿಂದಿನ ಟೈರಿಗೆ ಒಂದಿಂಚಿನ ಮುಳ್ಳು ಹೊಕ್ಕಿತು. ನಾಲ್ವರೂ ಸೈಕಲ್ ನಿಲ್ಲಿಸಿ ಸುತ್ತ ನಿಂತರು. ಮುಳ್ಳು ಕಿತ್ತು, ತೂತು ಕೆಳಕ್ಕೆ ಬರುವಂತೆ ಚಕ್ರ ತಿರುಗಿಸಿ ಹಿಡಿದೆ. ಬುಸ್ಸೆಂದು ಬಿಳಿ ನೊರೆ ಬಂತು. ಹತ್ತು ಎಣಿಸುವಷ್ಟರಲ್ಲಿ ನಿಂತಿತು. ಗಾಳಿ ಅಳೆದು ನೋಡಿದರೆ ಎರಡು ಪಿಎಸ್‌ಐ ಕೂಡ ಇಳಿದಿರಲಿಲ್ಲ. ಯಾರೂ ಮಾತಾಡಲಿಲ್ಲ. ಒಬ್ಬ ಮಾತ್ರ ಬಗ್ಗಿ ಆ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡಿದ.

ನಮ್ಮ ಸೆಕೆಗೆ ಸೀಲೆಂಟ್ ಮೂರು ತಿಂಗಳಲ್ಲಿ ಒಣಗುತ್ತದೆ. ಚಕ್ರ ಅಲ್ಲಾಡಿಸಿ, ಕುಲುಕುವ ಸದ್ದು ಕೇಳದಿದ್ದರೆ ಮತ್ತೆ 60 ಮಿ.ಲೀ. ಹಾಕಿ. ಆ ನಾಲ್ವರಲ್ಲಿ ಇಬ್ಬರು ಈಗಾಗಲೇ ಟೇಪ್, ವಾಲ್ವ್ ತರಿಸಿದ್ದಾರೆ. ಬರುವ ಭಾನುವಾರ ನಾನೇ ಸುತ್ತಿಕೊಡುತ್ತೇನೆ.