ಗಾಳಿ ನೋಡಿ ಗಿಡುಗ ಹುಡುಕಬೇಕು

ಉಡುಪಿ ಕಡೆ ಹಕ್ಕಿ ನೋಡುವವರ ದುರ್ಬೀನು ಹೊರಬರುವುದು ನವರಾತ್ರಿಯ ಹೊತ್ತಿಗೆ, ಮಾರ್ಚ್ ಬಿಸಿಲು ಏರುತ್ತಿದ್ದಂತೆ ಒಳಗೆ ಸೇರುತ್ತದೆ. ನೀರುಹಕ್ಕಿಗಳಿಗೆ ಅದು ಸಾಕು. ಬೇಟೆ ಹಕ್ಕಿಗಳ ವಲಸೆಯಲ್ಲಿ ಮಾತ್ರ ಅರ್ಧ ಕಥೆ ತಪ್ಪಿಹೋಗುತ್ತದೆ. ಬರುವ ಹಾದಿಗೂ ಮರಳುವ ಹಾದಿಗೂ ಗಾಳಿಯೇ ಬೇರೆ. ಹಾಗಾಗಿ ನಾನು ಎರಡು ಹಂಗಾಮುಗಳಲ್ಲಿ ಎರಡು ಬಗೆಯಾಗಿ ಕಾಯುತ್ತೇನೆ.

ಅಕ್ಟೋಬರ್‌ನಲ್ಲಿ ಏಣೇಲು (ಮಳೆಗಾಲದ ಭತ್ತ) ಕೊಯ್ಲಾದ ಬಯಲುಗಳಿಂದ ಶುರು. ಜೌಗು ಸೆಳೆವ (ಮಾರ್ಷ್ ಹ್ಯಾರಿಯರ್) ಎಂಬ ಬೇಟೆ ಹಕ್ಕಿ ರೆಕ್ಕೆಗಳನ್ನು ತುಸು ಮೇಲೆತ್ತಿ ಹಿಡಿದು, ಗದ್ದೆಯ ಅಂಚಿನಲ್ಲಿ ತಗ್ಗಾಗಿ ತೇಲುತ್ತದೆ. ಸೀತಾ–ಸ್ವರ್ಣಾ ಕಡಲು ಸೇರುವ ಕೋಡಿ ಬೆಂಗ್ರೆಯಲ್ಲಿ ಮೀನು ಡೇಗೆಯನ್ನು (ಆಸ್ಪ್ರೆ) ಹುಡುಕುತ್ತೇನೆ. ಹಿಡಿದ ಮೀನನ್ನು ಅದು ಹೇಗೆ ಒಯ್ಯುತ್ತದೆ ನೋಡಿ: ಒಂದು ಕಾಲು ಮುಂದೆ, ಒಂದು ಹಿಂದೆ, ಮೀನಿನ ತಲೆ ಹಾರುವ ದಿಕ್ಕಿಗೇ. ಗಾಳಿಯ ತಡೆ ಕಡಿಮೆಯಾಗಲೆಂದು ಈ ಏರ್ಪಾಡು. ಈ ಎರಡೂ ಇಲ್ಲಿ ಚಳಿಗಾಲ ಕಳೆಯಲು ಬಂದವು, ಇಂದು ಕಾಣದಿದ್ದರೆ ನಾಳೆ ಕಂಡಾವು.

ಅಮುರ್ ಫಾಲ್ಕನ್ ಹಾಗಲ್ಲ, ಅದು ಹಾದುಹೋಗುವ ಹಕ್ಕಿ. ಸೈಬೀರಿಯಾದ ಆಗ್ನೇಯ ಭಾಗ ಮತ್ತು ಉತ್ತರ ಚೀನಾದಲ್ಲಿ ಮರಿಮಾಡಿ, ಅಕ್ಟೋಬರ್–ನವೆಂಬರ್‌ನಲ್ಲಿ ನಾಗಾಲ್ಯಾಂಡಿನಲ್ಲಿ ಹೊಟ್ಟೆ ತುಂಬಿಸಿಕೊಂಡು, ಪರ್ಯಾಯ ದ್ವೀಪ ದಾಟಿ, ಅರಬ್ಬೀ ಸಮುದ್ರದ ಮೇಲೆ ಎಲ್ಲೂ ಇಳಿಯದೆ ಆಫ್ರಿಕಾ ಸೇರುತ್ತದೆ. 2013ರಲ್ಲಿ ನಾಗಾಲ್ಯಾಂಡಿನಲ್ಲಿ ಉಪಗ್ರಹ ಟ್ಯಾಗ್ ಕಟ್ಟಿದ ಹಕ್ಕಿಗಳು ಈ ಹಾದಿಯನ್ನು ತೋರಿಸಿಕೊಟ್ಟವು. ಆಗ ಈಶಾನ್ಯದ ಗಾಳಿ ಅವುಗಳ ಬೆನ್ನಿಗಿರುತ್ತದೆ. ಏರೋಪ್ಲೇನ್ ಚಿಟ್ಟೆಗಳೂ ಅದೇ ಗಾಳಿಯಲ್ಲಿ ಕಡಲು ದಾಟುತ್ತವೆ, ದಾರಿಯಲ್ಲಿ ಹಕ್ಕಿಗೆ ಅವೇ ಬುತ್ತಿ ಎಂಬುದು ತಜ್ಞರ ಊಹೆ. ಪದವುಗಳ (ಮುರಕಲ್ಲಿನ ಎತ್ತರದ ಬಯಲುಗಳ) ಮೇಲೆ ಆ ಚಿಟ್ಟೆಗಳು ಗುಂಪುಗಟ್ಟಿದ ದಿನ ನಾನು ಮನೆಯಲ್ಲಿ ಕೂರುವುದಿಲ್ಲ.

ಏಪ್ರಿಲ್ ಕೊನೆಯಿಂದ ಮೇ ತನಕ ಎಲ್ಲವೂ ತಿರುಗುಮುರುಗು. ಮುಂಗಾರಿಗೆ ಮುನ್ನ ಏಳುವ ನೈಋತ್ಯದ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಅಮುರ್ ಫಾಲ್ಕನ್‌ಗಳು ಸಮುದ್ರದ ಕಡೆಯಿಂದ ಬರುತ್ತವೆ. ಗೂಡಿನ ಜಾಗ ಹಿಡಿಯುವ ಆತುರ, ತಂಗುವುದು ಕಡಿಮೆ. ಕರಾವಳಿಯ ಯಾವ ಭಾಗದಲ್ಲಿ ನೆಲ ಮುಟ್ಟುತ್ತವೆ ಎಂಬುದು ಆ ದಿನಗಳ ಗಾಳಿಗೆ ಬಿಟ್ಟದ್ದು. ಅದಕ್ಕೇ ಬೆಳಗ್ಗೆ ಎದ್ದೊಡನೆ ಗಾಳಿಯ ನಕ್ಷೆ ನೋಡುತ್ತೇನೆ, ಬೆಳಕು ಹರಿಯುವಾಗ ಕಾಪು ಕಡಲತೀರದಲ್ಲಿರುತ್ತೇನೆ. ಗಂಡಿನ ಮೈ ಬೂದು, ತೊಡೆ ಇಟ್ಟಿಗೆ ಕೆಂಪು, ರೆಕ್ಕೆಯಡಿಯ ಮುಂಭಾಗ ಅಚ್ಚ ಬಿಳಿ. ತಲೆಯ ಮೇಲೆ ಹಾದರೆ ಆ ಬಿಳುಪೇ ಗುರುತು.

ಯಾವ ಹಂಗಾಮಾದರೂ ಬಿಸಿಲೇರಿದ ಮೇಲೆ ತೀರದಲ್ಲಿ ನಿಂತು ಪ್ರಯೋಜನ ಕಡಿಮೆ. ಕಡಲಗಾಳಿ ಬೀಸತೊಡಗಿದರೆ ತೀರದ ನೆಲ ತಂಪಾಗಿ, ಮೇಲೇಳುವ ಬಿಸಿಗಾಳಿ ಒಳನಾಡಿನ ಮುರಕಲ್ಲಿನ ಗುಡ್ಡಗಳ ಮೇಲೆ ಮಾತ್ರ ಉಳಿಯುತ್ತದೆ. ಹಾಗಾಗಿ ಹತ್ತು ಗಂಟೆಯ ಮೇಲೆ ನಾನು ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ. ಹದ್ದು, ಗರುಡಗಳು ಸುತ್ತುತ್ತಾ ಮೇಲೇರುವ ಕಡೆ ಬಿಸಿಗಾಳಿ ಇದೆ ಎಂದರ್ಥ. ಆ ಗುಂಪನ್ನೇ ಒಂದೊಂದಾಗಿ ಸೋಸುತ್ತೇನೆ. ಚಳಿಗಾಲದಲ್ಲಿ ಅಲ್ಲೇ ಬೂಟೆಡ್ ಈಗಲ್ ಸಿಕ್ಕೀತು: ಎದುರಿನಿಂದ ಬರುವಾಗ ಕತ್ತಿನ ಇಕ್ಕೆಲದಲ್ಲಿ, ರೆಕ್ಕೆಯ ಬುಡದಲ್ಲಿ, ಕಾರಿನ ದೀಪದಂತೆ ಎರಡು ಬಿಳಿ ಚುಕ್ಕೆ.

ಟಿಪ್ಪಣಿಯಲ್ಲಿ ಹೆಸರಿನ ಜೊತೆ ಹೊತ್ತು, ಗಾಳಿಯ ದಿಕ್ಕು, ಹಕ್ಕಿ ಹೊರಟ ದಿಕ್ಕು, ಎಳೆಯದೋ ಬಲಿತದ್ದೋ ಎಂಬುದನ್ನು ಬರೆಯುತ್ತೇನೆ. ಮೇ ತಿಂಗಳ ಖಾಲಿ ದಿನಗಳನ್ನೂ ಬಿಡದೆ, ಹಕ್ಕಿ ಕಂಡ ದಾಖಲೆಗಳನ್ನು ಕೂಡಿಡುವ ಜಾಲತಾಣ ಇಬರ್ಡ್‌ಗೆ ಸೇರಿಸುತ್ತೇನೆ. ಆ ತಿಂಗಳಲ್ಲಿ ಆಕಾಶ ನೋಡುವವರು ನಮ್ಮಲ್ಲಿ ಇನ್ನಷ್ಟು ಮಂದಿ ಬೇಕು.