ಸೀಮೆಬದನೆ ಜಾಸ್ತಿ ಆಯ್ತಾ? ಕೊಡೋ ಮುಂಚೆ ಅಡುಗೆ ಅಮ್ಮನ್ನ ಕೇಳಿ

ಟೆರೇಸ್ ಮೇಲೆ ಸೀಮೆಬದನೆ ಬಳ್ಳಿ ಹಬ್ಬಿಸಿದವ್ರಿಗೆ ಇದು ಗೊತ್ತಿರುತ್ತೆ, ಮೊದಲ ಹದಿನೈದು ದಿನ ಖುಷಿ, ಆಮೇಲೆ ಪಲ್ಯ, ಹುಳಿ, ಮಜ್ಜಿಗೆಹುಳಿ, ಸಿಪ್ಪೆ ಚಟ್ನಿ ಎಲ್ಲಾ ಮುಗಿದು ಮಕ್ಕಳು ತಟ್ಟೆ ನೋಡಿನೇ ಮುಖ ತಿರುಗಿಸ್ತಾರೆ, ಪಕ್ಕದ್ಮನೆಯವ್ರು ನಾವು ಚೀಲ ಹಿಡ್ಕೊಂಡು ಬರೋದು ಕಂಡ್ರೆ ಒಳಗೆ ಹೋಗ್ಬಿಡ್ತಾರೆ. ಆಗ ಅನ್ಸುತ್ತೆ, ಯಾರಿಗಾದ್ರೂ ಅಗತ್ಯ ಇರೋರಿಗೆ ಕೊಡೋಣ ಅಂತ.

ನಂಗೂ ಹಂಗೇ ಅನ್ಸಿ ಒಂದು ಭಾನುವಾರ ನಾಲ್ಕು ಕಟ್ಟು ದಂಟಿನಸೊಪ್ಪು ತಗೊಂಡು ಒಂದು ವೃದ್ಧಾಶ್ರಮಕ್ಕೆ ಹೋದೆ. ಅಡುಗೆ ಮಾಡೋ ಅಮ್ಮ ಸೊಪ್ಪು ನೋಡಿದ್ರು, ನನ್ನ ನೋಡಿದ್ರು, "ನಲವತ್ತೈದು ಜನ ಇದಾರಪ್ಪ, ಇದನ್ನ ಯಾರಿಗೆ ಹಾಕ್ಲಿ, ಯಾರಿಗೆ ಬಿಡ್ಲಿ?" ಅಂದ್ರು. ಬೇಜಾರಾಯ್ತು, ಆದ್ರೆ ಅವ್ರು ಹೇಳಿದ್ದೇ ಸರಿ.

ಅದಕ್ಕೆ ಮೊದಲ ಕೆಲಸ, ಕೊಯ್ಯೋ ಮುಂಚೆ ಹೋಗಿ ಕೇಳೋದು. ಆಫೀಸಲ್ಲಿ ಕೂತಿರೋರನ್ನಲ್ಲ, ಒಲೆ ಮುಂದೆ ನಿಂತಿರೋರನ್ನ. ಎಷ್ಟು ಜನ, ಯಾವ ದಿನ ಏನು ಅಡುಗೆ, ತರಕಾರಿ ಎಷ್ಟೊತ್ತಿಗೆ ಹೆಚ್ಚೋಕೆ ಶುರು ಮಾಡ್ತೀರಾ, ಇಷ್ಟು ಸಾಕು. ವಯಸ್ಸಾದವ್ರಿಗೆ ನುಗ್ಗೆಕಾಯಿ ಅಗಿಯೋಕೆ ಆಗಲ್ಲ, ಸೋರೆ, ಹೀರೆ, ಸೀಮೆಬದನೆ ಮೆತ್ತಗೆ ಬೇಯುತ್ತೆ ಅಂತ ನಂಗೆ ಗೊತ್ತಾಗಿದ್ದು ಹಿಂಗೆ ಕೇಳಿದ ಮೇಲೆನೇ.

ಸರ್ಕಾರಿ ಶಾಲೆ ಹತ್ರ ಇದ್ರೆ ಹೆಡ್ ಮಾಸ್ಟರ್ ಹತ್ರ ಮಾತಾಡಿ, ಆದ್ರೆ ಅಡುಗೆ ಅಲ್ಲೇ ಆಗುತ್ತಾ ಅಂತ ಮೊದಲು ನೋಡ್ಕೊಳ್ಳಿ, ಸಿಟಿಯಲ್ಲಿ ಎಷ್ಟೋ ಶಾಲೆಗೆ ಬಿಸಿಯೂಟ ಹೊರಗಿನ ದೊಡ್ಡ ಕಿಚನ್‌ನಿಂದ ವ್ಯಾನಲ್ಲಿ ಬರುತ್ತೆ, ಅಲ್ಲಿ ನಿಮ್ಮ ಕುಂಬಳಕಾಯಿ ಇಟ್ಕೊಂಡು ಅವ್ರೇನು ಮಾಡ್ತಾರೆ? ಅಡುಗೆಮನೆ ಇದ್ರೆ ಲೆಕ್ಕ ಸುಲಭ. ಬಿಸಿಯೂಟದ ನಿಯಮದಲ್ಲಿ 1ರಿಂದ 5ನೇ ಕ್ಲಾಸಿನ ಮಗುಗೆ ದಿನಕ್ಕೆ 50 ಗ್ರಾಂ ತರಕಾರಿ, 6ರಿಂದ 8ಕ್ಕೆ 75 ಗ್ರಾಂ. ಅಂದ್ರೆ 60 ಚಿಕ್ಕ ಮಕ್ಕಳ ಶಾಲೆಗೆ 3 ಕೆಜಿ, ಒಂದು ಒಳ್ಳೆ ಸಿಹಿಗುಂಬಳ ಸಾಕು. ಅಂಗನವಾಡೀನೂ ಮರೀಬೇಡಿ, 2017ರಲ್ಲಿ ಮಾತೃಪೂರ್ಣ ಯೋಜನೆ ಬಂದಾಗಿಂದ ಗರ್ಭಿಣಿಯರು, ಬಾಣಂತಿಯರಿಗೂ ಅಲ್ಲಿ ಊಟದ ವ್ಯವಸ್ಥೆ ಇದೆ, ಜನ ಕಮ್ಮಿ ಇರೋದ್ರಿಂದ ನಾಲ್ಕು ಕಟ್ಟು ಸೊಪ್ಪೂ ಅಲ್ಲಿ ಉಪಯೋಗಕ್ಕೆ ಬರುತ್ತೆ.

ಒಬ್ಬರ ಟೆರೇಸಲ್ಲಿ 45 ಜನಕ್ಕೆ ಸಾಕಾಗೋಷ್ಟು ಒಂದೇ ತರಕಾರಿ ಸಿಗೋದು ಕಷ್ಟ. ನಮ್ಮ ರೋಡಲ್ಲಿ ಐದು ಮನೆಯವ್ರು ವಾಟ್ಸಾಪ್ ಗ್ರೂಪ್ ಮಾಡ್ಕೊಂಡು ಎಲ್ಲರೂ ಒಂದೇ ವಾರ ಬಸಳೆ ಕೊಯ್ಯೋದು ಅಂತ ಮಾಡಿದ್ವಿ, ಆಗ ಹುಳಿ ಮಾಡೋಷ್ಟು ಆಯ್ತು. ಗ್ರೂಪಲ್ಲಿ ಗುಡ್ ಮಾರ್ನಿಂಗ್ ಮೆಸೇಜ್ ಬೇರೆ ಬರುತ್ತೆ, ಅದು ಸಹಿಸ್ಕೋಬೇಕು.

ಕೊಯ್ಯೋದು ಬೆಳಿಗ್ಗೆ ಬೇಗ, ಬಿಸಿಲು ಏರೋ ಮುಂಚೆ. ಸೊಪ್ಪನ್ನ ತೊಳೆದು ಕಟ್ಟಬೇಡಿ, ನೀರು ಒಳಗೆ ನಿಂತು ಸಂಜೆ ಹೊತ್ತಿಗೆ ಲೋಳೆ ಆಗುತ್ತೆ, ಮಣ್ಣು ಕೊಡವಿ ಒದ್ದೆ ಕಾಟನ್ ಬಟ್ಟೇಲಿ ಸುತ್ತಿ. ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಾಯಿ ಕಟ್ಟಿದ್ರೆ ಬೆವರು ಬಿಟ್ಟು ಕೊಳೆಯುತ್ತೆ. ಕುಂಬಳಕಾಯಿ ತೊಟ್ಟು ಎರಡಿಂಚು ಬಿಟ್ಟು ಕತ್ತರಿಸಿ, ತೊಟ್ಟು ಮುರಿದ್ರೆ ಅಲ್ಲಿಂದಾನೇ ಹಾಳಾಗೋದು. ಕೀಟನಾಶಕ ಹೊಡೆದಿದ್ರೆ ಡಬ್ಬಿ ಮೇಲೆ ಬರೆದಿರೋಷ್ಟು ದಿನ ಕಳೀದೆ ಕೊಡ್ಲೇಬೇಡಿ, ಮೋರಿ ನೀರು ಹಾಯಿಸಿದ ಸೊಪ್ಪಂತೂ ನಿಮ್ಮನೆಗೂ ಬೇಡ.

ಇನ್ನೊಂದು ಮುಖ್ಯವಾದ ವಿಷ್ಯ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸೋರೆ, ಹೀರೆ, ಸೌತೆ ಕೊಡೋ ಮುಂಚೆ ಪ್ರತಿ ಕಾಯಿದೂ ತುದಿ ಒಂಚೂರು ಕತ್ತರಿಸಿ ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿ ಇದ್ರೆ ಉಗುಳಿಬಿಟ್ಟು ಕಾಯಿ ಗೊಬ್ಬರಕ್ಕೆ ಹಾಕಿ. ಈ ಜಾತಿ ಕಾಯಿಗಳಲ್ಲಿ ಕುಕುರ್ಬಿಟಾಸಿನ್ ಅನ್ನೋ ವಿಷದ ಅಂಶ ಕೆಲವು ಸಲ ಜಾಸ್ತಿ ಆಗುತ್ತೆ, ಬೇಯ್ಸಿದ್ರೂ ಹೋಗಲ್ಲ, ಕಹಿ ಸೋರೆಕಾಯಿ ಜ್ಯೂಸ್ ಕುಡಿದು ನಮ್ಮ ದೇಶದಲ್ಲೇ ಜನ ಸತ್ತಿದಾರೆ, ಆಮೇಲೆ ಐಸಿಎಂಆರ್ (ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ) ಕಮಿಟೀನೂ ಕಹಿ ಇದ್ರೆ ಬಿಸಾಕಿ ಅಂತ ಹೇಳಿದೆ. ಒಂದು ಕಹಿ ಕಾಯಿ ದೊಡ್ಡ ಪಾತ್ರೆಗೆ ಬಿದ್ರೆ ಅಷ್ಟೂ ಜನರ ತಟ್ಟೆಗೆ ಹೋಗುತ್ತೆ ನೋಡಿ. ಹಾಗಲಕಾಯಿಗೆ ಈ ಟೆಸ್ಟ್ ಬೇಡ, ಅದು ಹುಟ್ಟಿದ್ದೇ ಕಹಿಯಾಗಿ.

ಗೇಟ್ ಹೊರಗೆ ಬುಟ್ಟಿ ಇಟ್ಟು "ಬೇಕಾದವ್ರು ತಗೊಳ್ಳಿ" ಅಂತ ಬರೆಯೋರೂ ಇದಾರೆ. ನಿಂಬೆಹಣ್ಣು, ಕರಿಬೇವು, ಪಪ್ಪಾಯಕ್ಕೆ ಓಕೆ, ಸೊಪ್ಪಿಗೆ ಆಗಲ್ಲ, ಹನ್ನೊಂದು ಗಂಟೆಗೆ ಬಾಡಿ ಹೋಗಿರುತ್ತೆ. ರಸ್ತೆ ಗುಡಿಸೋ ಅಕ್ಕನಿಗೆ ಕೊಡೋದಾದ್ರೆ ನಮ್ಮನೆಗೆ ಯಾವ್ದನ್ನ ಆರಿಸ್ಕೊಳ್ತೀವೋ ಅಂಥದ್ದೇ ಕೊಡಿ, ಹುಳ ಬಿದ್ದ ಬದನೆಕಾಯಿ ಅಲ್ಲ. ಫೋಟೋ ತೆಗೀಬೇಡಿ, ತೆಗೆದ್ರೂ ಕಾಯಿದು ತೆಗೀರಿ.

ತಲುಪಿಸೋಕೆ ವಾರದ ಮಧ್ಯೆ ಹೋಗೋದು ಒಳ್ಳೇದು, ಹಬ್ಬದ ದಿನ, ಭಾನುವಾರ ಬರ್ತ್‌ಡೇ ಊಟ ಹಾಕ್ಸೋರು ತುಂಬಾ ಬರ್ತಾರೆ, ಬುಧವಾರ ಯಾರೂ ಇರಲ್ಲ. ಕೊಟ್ಟಾದ್ಮೇಲೆ ಚೀಲ ವಾಪಸ್ ಇಸ್ಕೊಂಡು ಮುಂದಿನ ಸಲ ಏನು ಬೇಕು ಅಂತ ಕೇಳಿ ಬನ್ನಿ. ನಮ್ಮ ಅಡುಗೆ ಅಮ್ಮಂಗೆ ಈಗ ಬೇಕಿರೋದು ಕರಿಬೇವು, ನಿಂಬೆಹಣ್ಣು ಅಂತೆ. ಸೀಮೆಬದನೆ ಒಂದು ತಿಂಗಳು ಬೇಡ್ವಂತೆ.