ಬೂಮ್ ಲಿಫ್ಟ್ ಹತ್ತುವ ಮುಂಚೆ: ಬೆಲ್ಟ್ ಹಾಕಿದ್ರೆ ಸಾಲದು, ಹಗ್ಗದ ಉದ್ದ ನೋಡಿ

ಬೂಮ್ ಲಿಫ್ಟ್ ಅಂದರೆ ಚಕ್ರದ ಗಾಡಿ, ಅದರ ಉದ್ದ ತೋಳಿನ ತುದಿಯಲ್ಲಿ ಆಳು ನಿಲ್ಲುವ ಬಾಸ್ಕೆಟ್. ಹಾಸನದ ಕಡೆ ಅದರ ಕೆಲಸಕ್ಕೆ ನಮಗೆ ಎರಡು ಸೀಸನ್. ಮಳೆ ಹಿಡಿಯುವ ಮುಂಚೆ ಕಾಫಿ ಗೋಡೌನುಗಳ ಶೀಟು ಬದಲಾಯಿಸುವುದು, ಹಾಸನಾಂಬ ಜಾತ್ರೆ ಹತ್ತಿರ ಬಂದರೆ ದೀಪ ಕಟ್ಟುವುದು. ಹೊಸ ಹುಡುಗರಿಗೆ ಹಾರ್ನೆಸ್, ಅಂದರೆ ಮೈಗೆ ಕಟ್ಟುವ ಸುರಕ್ಷತಾ ಪಟ್ಟಿ, ಕಲಿಸುವ ಕೆಲಸ ನನ್ನ ತಲೆಗೆ ಬಂದಿದೆ. ಅವರಿಗೆ ಮೊದಲು ಹೇಳುವುದು ನನ್ನದೇ ಕಥೆ.

ಕೆಲವು ವರ್ಷದ ಹಿಂದೆ ಬಿ.ಎಂ. ರಸ್ತೆ ಪಕ್ಕದ ಗೋಡೌನ್ ಒಂದರ ಅಂಗಳ. ಬಾಸ್ಕೆಟ್ ಕೆಳಗಿಳಿಸದೆ ಹಾಗೇ ಲಿಫ್ಟ್ ಓಡಿಸುತ್ತಿದ್ದೆ, ಸೋಮಾರಿತನ ನೋಡಿ. ಮುಂದಿನ ಚಕ್ರ ಚರಂಡಿ ಚಪ್ಪಡಿ ಪಕ್ಕ ನಾಲ್ಕು ಬೆರಳು ಆಳಕ್ಕೆ ಇಳಿಯಿತು ಅಷ್ಟೇ, ಮೇಲೆ ನನ್ನನ್ನು ಕವಣೆ ಕಲ್ಲಿನ ಹಾಗೆ ಎಸೆಯಿತು, ಕಾಲು ನೆಲ ಬಿಟ್ಟು ಸೊಂಟ ರೇಲಿಂಗ್ ಮೇಲೆ ಬಂತು. ಬೆಲ್ಟ್ ಇತ್ತು. ಹುಕ್ಕೂ ಹಾಕಿದ್ದೆ. ಬೆಲ್ಟನ್ನು ಬಾಸ್ಕೆಟ್‌ಗೆ ಸಿಕ್ಕಿಸುವ ಹಗ್ಗ ಮಾತ್ರ ಎರಡು ಮೀಟರ್‌ದು! ರೇಲಿಂಗ್ ತಬ್ಬಿಕೊಂಡಿದ್ದಕ್ಕೆ ಉಳಿದೆ.

ಬಾಸ್ಕೆಟ್‌ನಲ್ಲಿ ಹಗ್ಗದ ಕೆಲಸ ಬಿದ್ದವನನ್ನು ಹಿಡಿಯುವುದಲ್ಲ, ಹೊರಗೆ ಹೋಗದ ಹಾಗೆ ತಡೆಯುವುದು. ಲೆಕ್ಕ ಹಾಕಿ. ಹಗ್ಗ 2 ಮೀಟರ್, ಜಗ್ಗು ತಗ್ಗಿಸಲು ಹಗ್ಗದಲ್ಲಿರುವ ಶಾಕ್ ಅಬ್ಸಾರ್ಬರ್ ಬಿಚ್ಚಿಕೊಂಡರೆ ಇನ್ನೂ 1.75 ಮೀಟರ್‌ವರೆಗೆ, ಬೆನ್ನಿನ ರಿಂಗಿನಿಂದ ಪಾದಕ್ಕೆ ಒಂದೂವರೆ, ಅದರ ಜೊತೆ ಪಾದ ನೆಲಕ್ಕೆ ತಾಗದಿರಲು ಒಂದು ಮೀಟರ್ ಉಳಿಕೆ. 6 ಮೀಟರ್ ದಾಟಿತು ಅಲ್ವಾ? ನೀವು ಕೆಲಸ ಮಾಡುತ್ತಿರುವುದು 5 ಮೀಟರ್ ಎತ್ತರದ ಸೂರಿನಲ್ಲಿ. ಹಗ್ಗ ನಿಮ್ಮನ್ನು ಪೂರ್ತಿ ಹಿಡಿದು ನಿಲ್ಲಿಸುವಷ್ಟರಲ್ಲಿ ನೆಲ ಸಿಕ್ಕಿರುತ್ತದೆ. ಜೊತೆಗೆ ಆ ಜಗ್ಗಿಗೆ ಲಿಫ್ಟೇ ವಾಲಬಹುದು. ಅದಕ್ಕೇ ಉದ್ದ ಹೆಚ್ಚು ಕಡಿಮೆ ಮಾಡಲು ಬರುವ ಗಿಡ್ಡ ಹಗ್ಗ ತಗೊಳ್ಳಿ. ಬಾಸ್ಕೆಟ್ ನೆಲದಲ್ಲಿ ಇರುವಾಗಲೇ ಹುಕ್ ಹಾಕಿ, ದೂರದ ಮೂಲೆಗೆ ಹೋಗಿ ರೇಲಿಂಗ್ ಮೇಲೆ ಬಾಗಿ ನೋಡಿ. ಸೊಂಟ ದಾಟುವಂತಿದ್ದರೆ ಇನ್ನೂ ಗಿಡ್ಡ ಮಾಡಿ.

ಇನ್ನು ಬೆಲ್ಟ್. ಎಲ್ಲರೂ ಬೆಲ್ಟ್ ಅಂತಲೇ ಕರೆಯುತ್ತಾರೆ, ಆದರೆ ಬೇಕಿರುವುದು ಭುಜ, ಎದೆ, ತೊಡೆ ಮೂರನ್ನೂ ಹಿಡಿಯುವ ಫುಲ್ ಬಾಡಿ ಹಾರ್ನೆಸ್. ಐಎಸ್ 3521 (ಹಾರ್ನೆಸ್‌ಗೆ ಇರುವ ಭಾರತೀಯ ಮಾನಕ) ಗುರುತು ಇರುವ ಲೇಬಲ್ ನೋಡಿ. ಸೊಂಟಕ್ಕೆ ಮಾತ್ರ ಕಟ್ಟುವ ಹಳೇದು ಗೂಡಿನಲ್ಲಿದ್ದರೆ ಕತ್ತರಿಸಿ ಬಿಸಾಕಿ, ಇಲ್ಲದಿದ್ದರೆ ಯಾರೋ ಒಬ್ಬ ಹಾಕಿಕೊಂಡು ಹೋಗೇ ಹೋಗುತ್ತಾನೆ. ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕಮಾನಿನ ಹಾಗೆ ಬಗ್ಗಿಸಿ, ಗೇಣು ಗೇಣಾಗಿ ಸರಿಸುತ್ತಾ ಹೋಗಿ. ನೆಟ್ಟಗಿದ್ದಾಗ ಕಾಣದ ಸೀಳು ಆಗ ಬಾಯಿ ಬಿಡುತ್ತದೆ. ವೆಲ್ಡಿಂಗ್ ಕಿಡಿ ಬಿದ್ದ ಕಡೆ ಉಗುರಿಗೆ ಗಟ್ಟಿ ತಾಗುತ್ತದೆ. ಹೊಲಿಗೆ ಬಿಟ್ಟಿದ್ದರೆ, ಬಿಸಿಲಿಗೆ ಬಣ್ಣ ಪೂರ್ತಿ ಹೋಗಿದ್ದರೆ, ಒಂದು ಸಲ ಬಿದ್ದಾಗ ಜಗ್ಗಿದ್ದರೆ, ಅದರ ಆಯಸ್ಸು ಮುಗಿಯಿತು.

ಹಾಕುವಾಗ ಬೆನ್ನಿನ ಡಿ-ರಿಂಗ್ ಹಿಡಿದು ಎತ್ತಿ ಒದರಿ, ಪಟ್ಟಿಗಳ ಸಿಕ್ಕು ತಾನೇ ಬಿಡುತ್ತದೆ. ರಿಂಗ್ ಎರಡು ಹೆಗಲ ಮೂಳೆ ಮಧ್ಯೆ ಕೂರಬೇಕು, ಎದೆಪಟ್ಟಿ ಎದೆ ನಡುವೆ. ತೊಡೆ ಪಟ್ಟಿ ಒಳಗೆ ಅಂಗೈ ಚಪ್ಪಟೆಯಾಗಿ ಹೋಗಬೇಕು, ಮುಷ್ಟಿ ಹೋಗಬಾರದು. ಹುಡುಗರು ಜಾಸ್ತಿ ಸಡಿಲ ಬಿಡುವುದು ಅಲ್ಲೇ, ಕೂರಲು ಕಷ್ಟ ಅಂತ.

ಹುಕ್ ಹಾಕಬೇಕಾದ್ದು ಬಾಸ್ಕೆಟ್‌ನಲ್ಲಿ ಕಂಪನಿ ಗುರುತು ಮಾಡಿರುವ ಜಾಗಕ್ಕೆ. ಸುಮ್ನೆ ರೇಲಿಂಗಿಗಲ್ಲ. ಹೊರಗಿನ ಕಂಬಕ್ಕೋ ಛಾವಣಿ ಪೈಪಿಗೋ ಅಂತೂ ಬೇಡವೇ ಬೇಡ, ಲಿಫ್ಟ್ ಸರಿದರೆ ಹಗ್ಗವೇ ನಿಮ್ಮನ್ನು ಹೊರಗೆ ಎಳೆಯುತ್ತದೆ. ಕತ್ತರಿಯಂಥ ಕಾಲಿನ ಮೇಲೆ ನೇರ ಏರುವ ಸಿಜರ್ ಲಿಫ್ಟ್‌ನಲ್ಲಿ ರೇಲಿಂಗೇ ಮುಖ್ಯ ಕಾವಲು, ಹಾರ್ನೆಸ್ ಬೇಕೋ ಬೇಡವೋ ಅಂತ ಅದರ ಮ್ಯಾನುಯಲ್ ನೋಡಿ.

ಕೊನೆಗೆ, ಎಲ್ಲರೂ ಬಿಡುವ ಪಾಠ: ಇಳಿಸುವುದು. ಹಾರ್ನೆಸ್‌ನಲ್ಲಿ ಅಲುಗಾಡದೆ ನೇತಾಡುವವನಿಗೆ ಕಾಲಿನ ರಕ್ತ ಮೇಲೆ ಬರುವುದಿಲ್ಲ, ಕೆಲವೇ ನಿಮಿಷದಲ್ಲಿ ಜ್ಞಾನ ತಪ್ಪಬಹುದು. ಕೆಳಗೆ ನಿಂತವನಿಗೆ ಗ್ರೌಂಡ್ ಕಂಟ್ರೋಲ್ (ನೆಲದಿಂದಲೇ ಲಿಫ್ಟ್ ನಡೆಸುವ ಗುಂಡಿಗಳು) ಮತ್ತು ಎಮರ್ಜೆನ್ಸಿಯಲ್ಲಿ ಇಳಿಸುವ ವ್ಯವಸ್ಥೆ ಎರಡೂ ಗೊತ್ತಿರಬೇಕು. ಖಾಲಿ ಬಾಸ್ಕೆಟ್ ಎತ್ತಿ, ಗಡಿಯಾರ ಹಿಡಿದು ಇಳಿಸಿ ನೋಡಿ. ನಮ್ಮಲ್ಲಿ ಮೊದಲ ಸಲ ಹನ್ನೊಂದು ನಿಮಿಷ ಆಯಿತು. ಕಂಟ್ರೋಲ್ ಡಬ್ಬಿಯ ಲಾಕ್ ಹಾಳಾಗಿದೆ ಅಂತ ಯಾರೋ ತಂತಿ ಸುತ್ತಿದ್ದರು, ಅದನ್ನು ಬಿಚ್ಚಲು ಕಟಿಂಗ್ ಪ್ಲೇಯರ್ ಹುಡುಕುವುದರಲ್ಲೇ ಅರ್ಧ ಹೊತ್ತು ಹೋಯಿತು. ಮಾರನೇ ದಿನ ಹೊಸ ಲಾಕ್ ಹಾಕಿಸಿ ಮತ್ತೆ ಮಾಡಿದೆವು, ಎರಡೂವರೆ ನಿಮಿಷ.